ಹಳಿಗೆ ಹತ್ತೊಂಬತ್ತು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಅಂದಾಜಮ್ಮ ಎನ್ನುತ್ತಿದ್ದರು. ಎದುರಿಗೂ ಅದೇ, ಬೆನ್ನ ಹಿಂದೆಯೂ ಅದೇ. ರಸ್ತೆಯೋ ಸೇತುವೆಯೋ ರೈಲು ಹಳಿಯೋ, ಏನೇ ಕಟ್ಟುವುದಿದ್ದರೂ ಎಷ್ಟು ಮಣ್ಣು ಕಡಿಯಬೇಕು, ಎಷ್ಟು ಕಲ್ಲು ಸುರಿಯಬೇಕು, ಕೊನೆಗೆ ಎಷ್ಟು ದುಡ್ಡು ಬೇಕು ಎಂದು ಮೊದಲೇ ಲೆಕ್ಕ ಕಟ್ಟಿ ಕೊಡುವುದು ಅವಳ ಕೆಲಸ. ಅಂದಾಜು ಎಂದರೆ ಅರ್ಧ ಊಹೆ ಎಂದು ತಿಳಿದವರು ಅವಳ ಮೇಜಿನ ಹತ್ತಿರ ಹೋಗಿ ಪೆಟ್ಟು ತಿಂದು ಬಂದಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಿಂದ 'ಸುಮಾರು' ಎಂಬ ಮಾತನ್ನು ಯಾರೂ ಕೇಳಿರಲಿಲ್ಲ.

ಆ ದಿನ ಬೆಳಗ್ಗೆ ಏಳೂವರೆಗೆ ಅವಳು ಎಂದಿನಂತೆ ಗ್ಯಾಂಗಿನ ಸಾಲಿಗೆ ಬಂದಳು. ಹಳಿ ರಿಪೇರಿಯ ಆಳುಗಳಿಗೆಂದು ಹಿಂದೆ ಕಟ್ಟಿಸಿದ ನಲವತ್ತೆರಡು ಮನೆಗಳ ಸಾಲು ಅದು. ಉದ್ದಕ್ಕೂ ಒಂದೇ ಗೋಡೆ, ಒಂದೇ ತಗಡಿನ ಮಾಡು. ಒಂದು ಮನೆಯಲ್ಲಿ ಕೆಮ್ಮಿದರೆ ಮೂರನೆಯ ಮನೆಯವರು ನೀರು ತಂದು ಕೊಡುವಷ್ಟು ತೆಳ್ಳಗಿನ ಅಡ್ಡಗೋಡೆಗಳು. ಹನ್ನೊಂದನೆಯ ಮನೆಯಲ್ಲಿ ಅವಳು ಹುಟ್ಟಿದ್ದಳು. ಮದುವೆಯಾಗಿ ಎರಡು ಬೀದಿ ಆಚೆ ಹೋಗಿದ್ದರೂ, ಅಪ್ಪನ ಕಣ್ಣಿಗೆ ಆಪರೇಷನ್ ಆದಾಗಿನಿಂದ ದಿನವೂ ಬಂದು ಔಷಧಿಯ ಹನಿ ಹಾಕಿಯೇ ಕಚೇರಿಗೆ ಹೋಗುತ್ತಿದ್ದಳು.

ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಹಳೆಯ ಟವಲು ತೂಗುತ್ತಿತ್ತು. ಅದರ ಕೆಳಗೆ ಕೆಂಪು ಬಣ್ಣದ ಒಂದು ಕೂಡುವ ಚಿಹ್ನೆ ಇತ್ತು. ಹೆದ್ದಾರಿ ಬಂದರೆ ಅದರ ನಡುಮಧ್ಯ ಇಲ್ಲಿ ಹಾಯುತ್ತದೆ ಎಂಬ ಗುರುತು. ಅಮ್ಮ ಅದನ್ನು ಬೂದಿ ಹಾಕಿ ಉಜ್ಜಿದ್ದಳು, ಸೀಮೆಎಣ್ಣೆ ಹಾಕಿ ಉಜ್ಜಿದ್ದಳು. ಹೋಗದಿದ್ದಾಗ ಟವಲು ಹಾಕಿ ಮುಚ್ಚಿದ್ದಳು.

ವಿಷಯ ಇಷ್ಟೇ. ಸಿಮೆಂಟ್ ಕಾರ್ಖಾನೆಯಿಂದ ಮುಖ್ಯ ಮಾರ್ಗದವರೆಗೆ ಇಪ್ಪತ್ತಾರು ಕಿಲೋಮೀಟರು ಸರಕು ಸಾಗಬೇಕಿತ್ತು. ಎಂದೋ ಮುಚ್ಚಿಹೋದ ರೈಲು ದಾರಿಯನ್ನು ಹೊಸದಾಗಿ ಕಟ್ಟುವುದೋ, ಇಲ್ಲ ಹೆದ್ದಾರಿ ಹಾಕುವುದೋ? ಎರಡಕ್ಕೂ ಅಂದಾಜು ಬರೆಯಿರಿ, ಯಾವುದು ಕಡಿಮೆ ಬೀಳುತ್ತದೋ ಅದನ್ನು ಕಟ್ಟುತ್ತೇವೆ ಎಂದು ಮೇಲಿನ ಕಚೇರಿ ಹೇಳಿತ್ತು. ಹಳಿಯಾದರೆ ಹಳೆಯ ದಾರಿಯಲ್ಲೇ ಹೋಗುತ್ತದೆ, ಸಾಲಿನ ಒಂದು ಇಟ್ಟಿಗೆಯೂ ಅಲುಗುವುದಿಲ್ಲ. ಹೆದ್ದಾರಿಯಾದರೆ ಅರವತ್ತು ಮೀಟರು ಅಗಲ. ನಲವತ್ತೆರಡು ಮನೆಗಳೂ ನೆಲಸಮ.

ಎರಡೂ ಲೆಕ್ಕ ಅವಳ ಕೈಗೇ ಬಂದವು. ಎಂಟು ತಿಂಗಳು ಅವಳು ಅಪ್ಪನ ಹತ್ತಿರ ಆ ವಿಷಯ ಎತ್ತಲಿಲ್ಲ. ಅಪ್ಪ ಮೂವತ್ತೈದು ವರ್ಷ ಅದೇ ಹಳಿಯ ಮೇಲೆ ಬೆನ್ನು ಬಗ್ಗಿಸಿದ್ದ ಗ್ಯಾಂಗ್‌ಮನ್. ಆ ದಾರಿಯ ಒಂದೊಂದು ಕಲ್ಲೂ ಅವನಿಗೆ ಗೊತ್ತು. ಗೊತ್ತಿದ್ದದ್ದಕ್ಕೇ ಅವಳು ಕೇಳಲಿಲ್ಲ. ಗ್ಯಾಂಗ್‌ಮನ್ ಮಗಳು ಅಪ್ಪನನ್ನು ಕೇಳಿಕೊಂಡು ಹಳಿಯ ಪರ ಬರೆದಳು ಎಂದು ನಾಳೆ ಯಾರೂ ಬೆರಳು ತೋರಿಸಬಾರದು.

ಬೆರಳು ತೋರಿಸುವ ಪ್ರಮೇಯವೇ ಬರಲಿಲ್ಲ. ಹಳಿಗೆ ನಲವತ್ತೊಂದು ಕೋಟಿ ಇಪ್ಪತ್ತು ಲಕ್ಷ, ಹೆದ್ದಾರಿಗೆ ನಲವತ್ತು ಕೋಟಿ ಐವತ್ತು ಲಕ್ಷ. ಎಪ್ಪತ್ತು ಲಕ್ಷದಿಂದ ಹಳಿ ಸೋತಿತ್ತು. ಒಂಬತ್ತು ದಿನದಿಂದ ಆ ಅಂಕಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವಳು ಮನೆಗೂ ಕಚೇರಿಗೂ ಓಡಾಡಿದ್ದಳು. ಇಂದು ಹನ್ನೊಂದು ಗಂಟೆಗೆ ರುಜು. ನಾಲ್ಕಕ್ಕೆ ಕಾಗದ ಮೇಲಿನ ಕಚೇರಿಗೆ ಹೊರಡುತ್ತದೆ.

ಅಪ್ಪ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಕೂತ.

"ಇವತ್ತೇ ತಾನೆ ರುಜು ಹಾಕೋದು?"

"ಹೂಂ. ಅಲ್ಲಾಡಬೇಡಿ."

"ನಾನೇನೂ ಕೇಳಲ್ಲಮ್ಮ. ಕೇಳಿದರೆ ನೀನೇನು ಹೇಳೋಳಾ? ನಿನ್ನ ಬಾಯಿಗೆ ಅಂಚೆ ಕಚೇರಿ ಮೊಹರು ಬಿದ್ದಿದೆ."

"ಕಣ್ಣು ಬಿಡಿ ಅಂದೆ, ಬಾಯಲ್ಲ."

ಒಳಗಿನಿಂದ ಅಮ್ಮ ನಕ್ಕಳು. ಅಪ್ಪನೂ ನಗಲು ಹೋಗಿ ಸೊಂಟ ಹಿಡಿದುಕೊಂಡ. "ಅಯ್ಯೋ, ಈ ಬೆನ್ನು. ಇದು ಹೋದದ್ದು ಎಲ್ಲಿ ಗೊತ್ತಾ? ಸುತ್ತಿನ ಕಣಿವೇಲಿ. ಬೇರೆ ಕಡೆಯೆಲ್ಲ ಒಂದೊಂದು ಹಳಿಯ ಕೆಳಗೆ ಹದಿನೇಳು ದಿಮ್ಮಿ ಹಾಕಿ ಕೈ ತೊಳ್ಕೊತಿದ್ವಿ. ಅಲ್ಲಿ ತಿರುವು ನೋಡು, ಗಾಡಿ ಹಳೀನ ಹೊರಗೆ ನೂಕುತ್ತೆ. ಹಳಿಗೆ ಹತ್ತೊಂಬತ್ತು. ಎರಡೆರಡು ದಿಮ್ಮಿ ಹೆಚ್ಚಿಗೆ ಹೊತ್ತೂ ಹೊತ್ತೂ ಹೋಯ್ತು ಬೆನ್ನು."

ಹನಿ ಅಪ್ಪನ ಕಣ್ಣಿಗೆ ಬೀಳದೆ ಕೆನ್ನೆಯ ಮೇಲೆ ಬಿತ್ತು.

"ಎಷ್ಟು ಅಂದ್ರಿ?"

"ಹತ್ತೊಂಬತ್ತು. ಯಾಕೆ?"

ಅವಳು ಆಗಲೇ ಔಷಧಿಯ ಡಬ್ಬಿಯ ಮೇಲೆ ಪೆನ್ಸಿಲಿನಿಂದ ಭಾಗಾಕಾರ ಮಾಡತೊಡಗಿದ್ದಳು.

ನಡೆದದ್ದು ಹೀಗೆ. ಅಳತೆಯ ತಂಡವನ್ನೆಲ್ಲ ಹೆದ್ದಾರಿಯವರು ಎಳೆದುಕೊಂಡು ಹೋಗಿದ್ದರು. ಹಳಿಯ ದಾರಿಗೆಂದು ಅವಳಿಗೆ ಕೊನೆಯಲ್ಲಿ ಸಿಕ್ಕಿದ್ದು ಎರಡೇ ದಿನ, ಅದೂ ಒಬ್ಬಳೇ. ಉಳಿದ ದಾರಿಗೆಲ್ಲ ಹಳೆಯ ನಕ್ಷೆ ಇತ್ತು. ಸುತ್ತಿನ ಕಣಿವೆಯ ಹಾಳೆಗಳು ಮಾತ್ರ ಗೆದ್ದಲಿನ ಪಾಲಾಗಿದ್ದವು. ಹಳಿಗಳನ್ನು ಕಿತ್ತು ಒಯ್ದಿದ್ದರೂ ಅವುಗಳ ಕೆಳಗೆ ಅಡ್ಡ ಹಾಸಿದ್ದ ಮರದ ದಿಮ್ಮಿಗಳು ಹಾಗೇ ಮಣ್ಣಲ್ಲಿ ಹೂತುಕೊಂಡಿದ್ದವು. ಚಿಕ್ಕಂದಿನಲ್ಲಿ ಅವಳು ಶಾಲೆಗೆ ಹೋದದ್ದೇ ಅಂಥ ದಿಮ್ಮಿಗಳ ಮೇಲೆ ಕುಪ್ಪಳಿಸಿಕೊಂಡು. ಹದಿನೇಳು ಕುಪ್ಪಳಿಸಿದರೆ ಒಂದು ಹಳಿ, ಒಂದು ಹಳಿ ಅಂದರೆ ಹದಿಮೂರು ಮೀಟರು. ಸಾಲಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತಿದ್ದ ಲೆಕ್ಕ ಅದು. ಹಾಗಾಗಿ ಕಣಿವೆಯಲ್ಲಿ ಅವಳು ಟೇಪು ಹಿಡಿಯಲಿಲ್ಲ, ದಿಮ್ಮಿ ಎಣಿಸಿದಳು. ಐದು ಸಾವಿರದ ಎಂಟುನೂರ ಹದಿನಾಲ್ಕು. ಹದಿನೇಳರಿಂದ ಭಾಗಿಸಿದರೆ ಮುನ್ನೂರ ನಲವತ್ತೆರಡು ಹಳಿ, ಶೇಷ ಸೊನ್ನೆ. ಅಷ್ಟು ಚೊಕ್ಕಟವಾಗಿ ಕೂತ ಲೆಕ್ಕವನ್ನು ಯಾರು ಅನುಮಾನಿಸುತ್ತಾರೆ?

ಹತ್ತೊಂಬತ್ತರಿಂದ ಭಾಗಿಸಿದಳು. ಮುನ್ನೂರ ಆರು. ಶೇಷ ಮತ್ತೆ ಸೊನ್ನೆ. ಮೂವತ್ತಾರು ಹಳಿ ಕಡಿಮೆ. ನಾನೂರ ಅರವತ್ತೆಂಟು ಮೀಟರು ಇಲ್ಲದ ದಾರಿಗೆ ಅವಳು ಮಣ್ಣು ಕಡಿಸಿ, ಕಲ್ಲು ಸುರಿಸಿ, ಕಬ್ಬಿಣ ಹಾಸಿದ್ದಳು. ಕಣಿವೆಯ ದಾರಿಗೆ ಕಿಲೋಮೀಟರಿಗೆ ಎರಡು ಕೋಟಿ. ಅಂದರೆ ಮುನ್ನೂರ ಐವತ್ತು ಮೀಟರು ಕಡಿಮೆ ಬಂದರೆ ಸಾಕು, ಎಪ್ಪತ್ತು ಲಕ್ಷ ಸರಿಹೋಗುತ್ತದೆ. ಇನ್ನೊಂದು ಮೀಟರು ಕಡಿಮೆಯಾದರೂ ಹಳಿ ಗೆಲ್ಲುತ್ತದೆ. ಅದೂ ಹೋಗಿ ನೂರ ಹದಿನೆಂಟು ಮೀಟರು ಕೈಯಲ್ಲಿ ಉಳಿದಿತ್ತು.

ಮೊದಲು ಎದೆ ಹಗುರಾಯಿತು. ಮರುಕ್ಷಣವೇ ಪೆನ್ಸಿಲು ನಿಂತಿತು. ರುಜುವಿನ ದಿನ ಬೆಳಗ್ಗೆ, ಅಪ್ಪನ ಮನೆಯಲ್ಲಿ, ಅಪ್ಪನ ಬಾಯಿಂದಲೇ ಸಿಕ್ಕ ತಪ್ಪು. ಅದನ್ನು ತಿದ್ದಿದರೆ ಉಳಿಯುವುದು ಅಪ್ಪನ ಮನೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಅವಳು ಹೆಗಲು ಮುಟ್ಟಿ ನೋಡಿಕೊಂಡಳು.

"ಏನೇ, ಮುಖ ಯಾಕೆ ಹೀಗಾಯ್ತು?" ಅಮ್ಮ ಹೊರಗೆ ಬಂದಿದ್ದಳು.

"ಏನಿಲ್ಲ. ಹನಿ ನೀವೇ ಹಾಕಿ."

ಹೋಗುವಾಗ ಟವಲು ಗಾಳಿಗೆ ಸರಿದಿತ್ತು. ಅವಳು ಅದನ್ನು ನೇರ ಮಾಡಲಿಲ್ಲ.

ದೊಡ್ಡ ಸಾಹೇಬರ ಕೋಣೆಯಲ್ಲಿ ಹನ್ನೊಂದಕ್ಕೆ ಮೂವರೇ ಇದ್ದರು. ಮೇಜಿನ ಆಚೆ ಸಾಹೇಬರು. ಕಿಟಕಿಯ ಪಕ್ಕ ಡಾಂಬರಣ್ಣ, ಹೆದ್ದಾರಿ ವಿಭಾಗದ ಇಂಜಿನಿಯರು. ಯಾವ ಸೋಪಿಗೂ ಹೋಗದ ಕಪ್ಪು ಅವನ ಉಗುರಿನ ಸಂದಿಯಲ್ಲಿ ಇದ್ದುದರಿಂದ ಬಂದ ಹೆಸರು. ಅವನು ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತು ಈ ಹೆದ್ದಾರಿಯ ಗೆರೆ ಎಳೆಸಿದ್ದ. ಗೋಡೆಯ ಮೇಲಿನ ಕೆಂಪು ಗುರುತೂ ಅವನದೇ. ಟೈಪಾದ ಹಾಳೆಗಳು ಮೇಜಿನ ಮೇಲಿದ್ದವು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಅವಳತ್ತ ಚಾಚಿದರು.

"ಸರ್, ಹಳಿಯ ಲೆಕ್ಕ ತಪ್ಪಾಗಿದೆ."

ಪೆನ್ನು ಗಾಳಿಯಲ್ಲೇ ನಿಂತಿತು. ಅವಳು ಹೇಳಿದಳು: ದಿಮ್ಮಿ, ಹದಿನೇಳು, ತಿರುವು, ಹತ್ತೊಂಬತ್ತು. ಅಪ್ಪ ಹೇಳಿದ್ದೆಂಬುದನ್ನೂ ಮುಚ್ಚಿಡಲಿಲ್ಲ.

ಡಾಂಬರಣ್ಣ ಕಿಟಕಿಯಿಂದ ತಿರುಗಿದ. "ಎಂಟು ತಿಂಗಳು ತಪ್ಪು ಕಾಣಲಿಲ್ಲ. ರುಜು ಹಾಕೋ ಹೊತ್ತಿಗೆ ಕಾಣಿಸ್ತು. ಕಂಡಿದ್ದೂ ಯಾರಿಗೆ, ನಿಮ್ಮ ತಂದೆಗೆ. ಕಣ್ಣಿಗೆ ಆಪರೇಷನ್ ಆದೋರಿಗೆ."

"ಅವರಿಗೆ ಕಣ್ಣು ಬೇಕಿಲ್ಲ. ಬೆನ್ನಲ್ಲಿ ಬರೆದಿದೆ."

"ಅಂದಾಜಮ್ಮ, ನಾನು ನಿಮ್ಮನ್ನ ಸುಳ್ಳಿ ಅನ್ನಲ್ಲ. ಆದರೆ ಮೇಲಿನವರು ಕೇಳ್ತಾರೆ. ನಲವತ್ತೆರಡು ಮನೇಲಿ ಹನ್ನೊಂದನೇದು ಯಾರದು ಅಂತ ಕೇಳ್ತಾರೆ. ಆಗ ನಾನೇನು ಹೇಳ್ಲಿ?"

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ನಿವೃತ್ತಿಗೆ ಐದು ತಿಂಗಳಿದ್ದ ಅವರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ನೋಡಮ್ಮ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗೆ ಮಾಡಬೇಡಿ. ನಾಲ್ಕಕ್ಕೆ ಗಾಡಿ ಹೊರಡುತ್ತೆ. ಇದ್ದ ಹಾಗೆ ಕಳಿಸಿಬಿಡೋಣ. ಬೇಕಾದರೆ ಕೆಳಗೆ ಒಂದು ಟಿಪ್ಪಣಿ ಬರೀರಿ."

"ಟಿಪ್ಪಣಿ ಯಾರೂ ಓದಲ್ಲ ಸರ್. ಕೊನೇ ಸಾಲು ಓದ್ತಾರೆ." ಅವಳು ಹಾಳೆಗಳನ್ನು ತನ್ನತ್ತ ಎಳೆದುಕೊಂಡಳು. "ಟೇಪು ಹಿಡಿದು ಅಳೆಯೋಣ. ಇವತ್ತೇ. ಈಗಲೇ. ನಾನು ಟೇಪು ಮುಟ್ಟಲ್ಲ. ಇವರೇ ಹಿಡೀಲಿ, ಇವರೇ ಬರೀಲಿ."

ಹೊರಗೆ ಟೈಪಿಸ್ಟಳ ಯಂತ್ರದ ಸದ್ದು ನಿಂತಿತು.

"ಮುಳ್ಳು ಎದೆಮಟ್ಟ ಬೆಳೆದಿದೆ ಅಲ್ಲಿ," ಎಂದ ಡಾಂಬರಣ್ಣ.

"ಮುಳ್ಳು ನಾನು ಕಡೀತೀನಿ."

ಸಾಹೇಬರು ಗಡಿಯಾರ ನೋಡಿದರು. "ಮೂರೂವರೆಯೊಳಗೆ ಹಾಳೆ ಇಲ್ಲಿರಬೇಕು. ಒಂದು ನಿಮಿಷ ಆಚೀಚೆ ಆದರೂ ಇರೋ ಕಾಗದವೇ ಹೋಗುತ್ತೆ."

ಜೀಪು ಕಣಿವೆಯ ಬಾಯಿಗೆ ಬಂದಾಗ ಹನ್ನೆರಡು ದಾಟಿತ್ತು. ಎರಡೂ ಬದಿ ಕಡಿದ ಬಂಡೆ, ನಡುವೆ ಮುಳ್ಳಿನ ಹೊಳೆ, ಅದರ ತಳದಲ್ಲಿ ಕಪ್ಪು ದಿಮ್ಮಿಗಳು. ಈ ಬಾಯಲ್ಲೊಂದು ಮೈಲಿಕಲ್ಲು, ಆ ಬಾಯಲ್ಲೊಂದು. ಅವಳ ಹದಿನೇಳರ ಲೆಕ್ಕದಲ್ಲಿ ನಡುವಿನ ದೂರ ನಾಲ್ಕು ಸಾವಿರದ ನಾನೂರ ನಲವತ್ತಾರು ಮೀಟರು. ಅದು ನಾಲ್ಕು ಸಾವಿರದ ತೊಂಬತ್ತಾರರ ಒಳಗೆ ಮುಗಿದರೆ ಸಾಲು ಉಳಿಯಿತು.

ಡ್ರೈವರು ಜೀಪನ್ನು ಸುತ್ತುದಾರಿಯಿಂದ ಆ ಬಾಯಿಗೆ ಒಯ್ದ. ಇವರ ಹತ್ತಿರ ಮೂವತ್ತು ಮೀಟರಿನ ಟೇಪು. ಹಿಂದಿನ ತುದಿ ಕಚೇರಿಯ ಜವಾನನ ಕೈಲಿ, ಮುಂದಿನ ತುದಿ ಡಾಂಬರಣ್ಣನ ಕೈಲಿ. ಒಂದೊಂದು ಟೇಪಿಗೂ ಒಂದು ಗೂಟ, ಪುಸ್ತಕದಲ್ಲೊಂದು ಗೀಟು. ಅವಳು ಎಲ್ಲರಿಗಿಂತ ಮುಂದೆ, ಮಚ್ಚು ಹಿಡಿದು ಮುಳ್ಳು ಕಡಿಯುತ್ತ ನಡೆದಳು.

"ರಸ್ತೆ ಹಾಕಿದ್ರೆ ಈ ಕಣಿವೆಗೆ ಬರೋದೇ ಬೇಡ," ಎಂದ ಡಾಂಬರಣ್ಣ ಬೆವರು ಒರೆಸುತ್ತ. "ಗುಡ್ಡದ ಮೇಲೆ ಹತ್ತಿ ಇಳಿದುಬಿಡುತ್ತೆ."

"ಅಪ್ಪ ಹೇಳ್ತಾರೆ, ರಸ್ತೆ ಮೇಕೆ ಜಾತಿ, ಹಳಿ ಎಮ್ಮೆ ಜಾತಿ ಅಂತ. ಮೇಕೆ ಎಲ್ಲಿ ಬೇಕಾದ್ರೂ ಹತ್ತುತ್ತೆ. ಎಮ್ಮೆಗೆ ಸಮದಾರಿ ಕಡಿದು ಕೊಡಬೇಕು."

"ಹಾಗಿದ್ರೆ ಮೇಕೇನೇ ವಾಸಿ ಅಲ್ವಾ?"

"ಹಾಲು ಯಾವುದು ಜಾಸ್ತಿ ಕೊಡುತ್ತೆ ಅಂತಲೂ ಕೇಳ್ಬೇಕು."

ಜವಾನ ಹಿಂದಿನಿಂದ ಕಿಸಕ್ಕನೆ ನಕ್ಕ. ನಗೆ ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲ ಹತ್ತು ಟೇಪಿನಲ್ಲೇ ಅವಳಿಗೆ ಕಂಡದ್ದು ಬೇರೆ. ಹಳಿ ಸೇರುವ ಜಾಗದಲ್ಲಿ ದಿಮ್ಮಿಗಳು ಜೋಡಿಯಾಗಿ ಹತ್ತಿರ ಇರುತ್ತವೆ. ಆ ಜೋಡಿಯಿಂದ ಈ ಜೋಡಿಗೆ ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಹದಿನೇಳು. ಮುಂದಿನದೂ ಹದಿನೇಳು. ಅದರ ಮುಂದಿನದೂ.

ಕಣಿವೆಯ ಬಾಯಲ್ಲಿ ದಾರಿ ನೇರವಾಗಿತ್ತು. ನೇರ ದಾರಿಗೆ ಹೆಚ್ಚಿನ ದಿಮ್ಮಿ ಯಾರು ಹಾಕುತ್ತಾರೆ? ಅಪ್ಪನಿಗೆ ನೆನಪಿದ್ದದ್ದು ಬೆನ್ನು ನೋಯಿಸಿದ ತಿರುವುಗಳು ಮಾತ್ರ. ನಡುನಡುವೆ ಸುಮ್ಮನೆ ಮಲಗಿದ ನೇರ ದಾರಿಯನ್ನು ಬೆನ್ನು ಮರೆತಿತ್ತು. ಬೆಳಗ್ಗೆ ಡಬ್ಬಿಯ ಮೇಲೆ ಉಳಿದಿದ್ದ ನೂರ ಹದಿನೆಂಟು ಮೀಟರಿನ ಧೈರ್ಯ ಒಂದೊಂದು ನೇರ ಹಳಿಗೂ ಒಂದಿಷ್ಟು ಕರಗುತ್ತ ಬಂತು.

ಇಪ್ಪತ್ತೆಂಟನೆಯ ಗೂಟದ ಹತ್ತಿರ ಬಂಡೆ ಎಡಕ್ಕೆ ಬಾಗಿತು. ಹತ್ತೊಂಬತ್ತು. ಅವಳು ಉಸಿರು ಬಿಟ್ಟಳು. ಮುಂದೆ ಮತ್ತೆ ನೇರ, ಮತ್ತೆ ಹದಿನೇಳು. ಮತ್ತೆ ತಿರುವು. ಮುಳ್ಳು ಮೊಣಕೈ ಗೀರಿ ರಕ್ತ ಒಣಗಿದ್ದೂ ತಿಳಿಯಲಿಲ್ಲ.

ನಡುವೆ ಎಲ್ಲೋ ಅವಳಿಗೆ ಇನ್ನೊಂದು ಹೆದರಿಕೆ ಹೊಕ್ಕಿತು. ಅಳತೆ ಬಲ್ಲವರಿಗೇ ಹುಟ್ಟುವ ಹೆದರಿಕೆ. ಟೇಪನ್ನು ಬಿಗಿ ಎಳೆದರೆ ಇದ್ದಷ್ಟೇ ದೂರ ಬರುತ್ತದೆ. ಸಡಿಲ ಬಿಟ್ಟರೆ ಅದು ಹೊಟ್ಟೆ ಬಿಡುತ್ತದೆ. ಟೇಪಿಗೆ ಒಂದು ಗೇಣು ಜೋಲಿದರೂ ದೂರ ಬೆಳೆಯುತ್ತ ಹೋಗುತ್ತದೆ. ಯಾರೂ ಅದನ್ನು ಮೋಸ ಎನ್ನುವುದಿಲ್ಲ. ಬಿಸಿಲು, ಮುಳ್ಳು, ಕೈ ಸೋತಿತು ಎನ್ನುತ್ತಾರೆ. ಟೇಪು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟವಳು ತಾನೇ. ಆಗಿನಿಂದ ಅವಳು ಮುಳ್ಳು ಕಡಿಯುತ್ತಲೇ ಪ್ರತಿ ಸಲ ತಿರುಗಿ ನೋಡಿದಳು: ಡಾಂಬರಣ್ಣನ ಮುಷ್ಟಿ, ಮುಷ್ಟಿಯಿಂದ ಹೊರಟ ಬಿಳಿಯ ಪಟ್ಟಿ, ಅದರ ಹೊಟ್ಟೆ. ಅವನು ಅವಳನ್ನು ನೋಡಲಿಲ್ಲ. ಕಾಲನ್ನು ದಿಮ್ಮಿಗೆ ಒತ್ತಿ ಎಳೆಯುತ್ತಿದ್ದ. ಆದರೆ ನೂರನೆಯ ಟೇಪಿನ ನಂತರ ಅವನ ಅಂಗಿ ಬೆನ್ನಿಗೆ ಅಂಟಿತ್ತು, ಕೈ ಬದಲಾಯಿಸತೊಡಗಿದ್ದ.

"ಸಾರ್, ಎರಡು ನಿಮಿಷ ಕೂರೋಣ," ಎಂದ ಜವಾನ.

"ಕೂತ್ರೆ ಏಳಲ್ಲ. ನಡಿ."

ನೂರ ಮೂವತ್ತು. ಗಂಟೆ ಎರಡೂವರೆ ದಾಟಿತ್ತು. ಆ ಬಾಯಿಯ ಕಲ್ಲು ಇನ್ನೂ ಕಾಣಲಿಲ್ಲ. ನೂರ ಮೂವತ್ತಾರು ಟೇಪು ಅಂದರೆ ನಾಲ್ಕು ಸಾವಿರದ ಎಂಬತ್ತು. ಅದರ ಮೇಲೆ ಹದಿನಾರು ಮೀಟರು ಮಾತ್ರ. ಅವಳು ಮಚ್ಚು ಬೀಸುತ್ತಿದ್ದಳೋ ಮಚ್ಚು ಅವಳನ್ನು ಬೀಸುತ್ತಿತ್ತೋ.

ನೂರ ಮೂವತ್ತೈದನೆಯ ಗೂಟ. ಎದುರಿಗೆ ಮುಳ್ಳಿನ ಗೋಡೆ, ಕಲ್ಲಿಲ್ಲ.

ನೂರ ಮೂವತ್ತಾರು. ಡಾಂಬರಣ್ಣ ಗೂಟ ಹೊಡೆದು ಬೆನ್ನು ನೇರ ಮಾಡಿದ. "ಅಂದಾಜಮ್ಮ, ಕಲ್ಲೆಲ್ಲಿ?"

ಅವಳು ಮುಳ್ಳಿನೊಳಗೆ ನುಗ್ಗಿ ಕಡಿದಳು. ಮೂರನೆಯ ಏಟಿಗೆ ಮಚ್ಚು ಠಣ್ ಎಂದಿತು. ಬಳ್ಳಿ ಎಳೆದು ತೆಗೆದಾಗ ಪಾಚಿ ಹಿಡಿದ ಮೈಲಿಕಲ್ಲು ಅಲ್ಲೇ ಇತ್ತು, ಗೂಟದಿಂದ ಎರಡು ಹೆಜ್ಜೆ ಆಚೆ.

ಡಾಂಬರಣ್ಣ ಮಂಡಿಯೂರಿ ಟೇಪು ಹಿಡಿದ. ಒಮ್ಮೆ ಓದಿದ. ಜವಾನನಿಗೆ ಗೂಟ ಬಿಗಿ ಹಿಡಿಯಲು ಹೇಳಿ ಇನ್ನೊಮ್ಮೆ ಓದಿದ. "ಎರಡು ಮೀಟರು," ಎಂದ. "ನಾಲ್ಕು ಸಾವಿರದ ಎಂಬತ್ತೆರಡು."

ಹದಿನಾಲ್ಕು ಮೀಟರು ಉಳಿದಿತ್ತು. ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು.

ಅವನು ಪುಸ್ತಕ ಮುಚ್ಚಲಿಲ್ಲ. ಗೀಟುಗಳನ್ನೇ ನೋಡುತ್ತ ಹೇಳಿದ, "ಟೇಪಿಗೆ ಹನ್ನೊಂದು ಸೆಂಟಿಮೀಟರು. ಅಷ್ಟೇ ಅಷ್ಟು ಜೋಲಲ್ಲಿ ಹೋಗೋಕೆ ಬಿಟ್ಟಿದ್ರೆ ನನ್ನ ಹೆದ್ದಾರಿ ಆಗ್ತಿತ್ತು."

"ಗೊತ್ತು. ನೋಡ್ತಾ ಇದ್ದೆ."

"ನೀವು ನೋಡ್ತಿದ್ದೀರಿ ಅಂತ ನನಗೂ ಗೊತ್ತಿತ್ತು." ಅವನು ಟೇಪು ಸುತ್ತತೊಡಗಿದ. ಅಂಗೈಯಲ್ಲಿ ಟೇಪಿನ ಅಂಚು ಕೊರೆದ ಕೆಂಪು ಗೆರೆ ಇತ್ತು. "ಅದಕ್ಕೆ ಎಳೆದದ್ದಲ್ಲ. ಅಳತೆ ಅಂದ್ರೆ ಅಳತೆ. ಬೆಳಗ್ಗೆ ಆಡಿದ ಮಾತು ಮನಸ್ಸಲ್ಲಿ ಇಟ್ಕೋಬೇಡಿ."

"ನೀವು ಆಡಿದ್ದರಲ್ಲಿ ಸುಳ್ಳೇನಿತ್ತು?" ಎಂದಳು ಅವಳು. "ಮನೆ ನಮ್ಮದೇ."

ಜೀಪಿನಲ್ಲೇ ಅವಳು ಲೆಕ್ಕ ತಿದ್ದಿದಳು. ಗುಂಡಿ ಬಂದಾಗಲೆಲ್ಲ ಪೆನ್ಸಿಲು ಎತ್ತಿ ಕಾದಳು. ಮುನ್ನೂರ ಅರವತ್ನಾಲ್ಕು ಮೀಟರು ಕಡಿಮೆ. ಎಪ್ಪತ್ತೆರಡು ಲಕ್ಷ ಎಂಬತ್ತು ಸಾವಿರ. ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಸಾಹೇಬರ ಮುಂದೆ ಹಾಳೆ ಇಟ್ಟಳು. ಅವರು ಕೊನೆಯ ಸಾಲನ್ನು ಓದಿ ಕನ್ನಡಕ ತೆಗೆದರು.

"ನಲವತ್ತು ಕೋಟಿಯ ಕೆಲಸದಲ್ಲಿ ಎರಡು ಲಕ್ಷ ಎಂಬತ್ತು ಸಾವಿರ ಕಡಿಮೆ. ಇದನ್ನ ಗೆಲುವು ಅಂತಾರೇನಮ್ಮ?"

"ಗೆಲುವು ಸೋಲು ನನಗೆ ಗೊತ್ತಿಲ್ಲ ಸರ್. ಇದು ಸರಿಯಾದ ಲೆಕ್ಕ."

"ಮೇಲಿನವರು ಕೇಳಿದ್ರೆ?"

ಡಾಂಬರಣ್ಣ ಮುಂದೆ ಬಂದು ಹಾಳೆಯ ಕೆಳಗೆ, ಅವಳ ರುಜುವಿನ ಜಾಗ ಬಿಟ್ಟು, ತನ್ನ ಕರಿ ಉಗುರಿನ ಕೈಯಿಂದ 'ಅಳೆದವರು' ಎಂದು ಬರೆದು ರುಜು ಹಾಕಿದ. "ನನ್ನ ಕೇಳ್ಲಿ ಸರ್. ನನಗೆ ಆ ಸಾಲಿನಲ್ಲಿ ಮನೆ ಇಲ್ಲ."

ಟೈಪಿಸ್ಟಳು ಹಾಳೆಯನ್ನು ಮತ್ತೆ ಹೊಡೆದು ಮುಗಿಸಿದಾಗ ಗಾಡಿಯ ಎಂಜಿನು ಅಂಗಳದಲ್ಲಿ ಶುರುವಾಗಿತ್ತು.

ಸಂಜೆ ಅವಳು ಕೈಗೆಲ್ಲ ಪಟ್ಟಿ ಸುತ್ತಿಕೊಂಡು ಸಾಲಿಗೆ ಬಂದಳು. ಅಮ್ಮ ಅವಳ ಕೈ ನೋಡಿ ಬಿಸಿನೀರು ತಂದಿಟ್ಟಳು. ಅಪ್ಪ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿದ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವಳೇ ಮಾತು ತೆಗೆದಳು.

"ಅಪ್ಪ, ಸುತ್ತಿನ ಕಣಿವೇಲಿ ನೇರ ದಾರಿನೂ ಇತ್ತಲ್ಲ. ಅದನ್ನ ಹೇಳಲೇ ಇಲ್ಲ ನೀವು."

"ನೇರ ದಾರೀಲಿ ಏನಿದೆ ಹೇಳೋಕೆ?" ಎಂದ ಅಪ್ಪ. "ಮೊದಲೇ ಕೇಳಿದ್ರೆ ಎಲ್ಲಾ ಹೇಳ್ತಿದ್ದೆ."

"ಕೇಳಬೇಕಿತ್ತು."

ಅವಳು ಅವನ ರೆಪ್ಪೆ ಬಿಡಿಸಿದಳು. ಈ ಸಲ ಹನಿ ಸರಿಯಾಗಿ ಬಿತ್ತು. ಗೋಡೆಯ ಮೇಲೆ ಟವಲು ಇನ್ನೂ ಇತ್ತು. ಮೇಲಿನ ಕಚೇರಿಯಿಂದ ಮರಳಿ ಕಾಗದ ಬರುವವರೆಗೂ ಅಮ್ಮ ಅದನ್ನು ತೆಗೆಯಲಿಲ್ಲ. ಅದು ಬಂದದ್ದು ಇಪ್ಪತ್ತಮೂರನೆಯ ದಿನ, ಹಳಿ ಎಂದು ಬರೆಸಿಕೊಂಡು. ಅಂದು ಡಾಂಬರಣ್ಣ ತಾನೇ ಒಂದು ಡಬ್ಬಿ ಸುಣ್ಣ ಹಿಡಿದುಕೊಂಡು ಹನ್ನೊಂದನೆಯ ಮನೆಯ ಮುಂದೆ ಬಂದು ನಿಂತ.